ಅಟ್ಟಿ ತೆಗೆದ ಚಿತ್ರ

ಕಟಪಾಡಿಯ ಪಶ್ಚಿಮಕ್ಕೆ, ಹೊಳೆಗೂ ಕಡಲಿಗೂ ನಡುವೆ ಇರುವ ಮಟ್ಟು, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಗುಳ್ಳದ ಊರು. ಇಂತಹ ಹಿನ್ನೀರುಗಳ ಕೆಸರೇ ಗೊರವ, ಬೆಳ್ಳಕ್ಕಿಗಳ ಉಣ್ಣುವ ತಟ್ಟೆ. ರೆಕ್ಕೆ ಬಿಚ್ಚಿದ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಿಂಡನ್ನು ಎಬ್ಬಿಸುವ ಚಟ ಹಿನ್ನೀರಿಗೂ ನಮ್ಮ ಮಲೆನಾಡಿನ ಕೆರೆಗಳಿಗೂ ಅಂಟಿದೆ. ‘ಮತ್ತೆ ಬಂದು ಕೂರುತ್ತವಲ್ಲ’ ಎಂಬ ಸಮಜಾಯಿಷಿ ಶುದ್ಧ ಅಜ್ಞಾನ. ನೀರಿಳಿತದ ಕೆಲವೇ ತಾಸು ಕೆಸರು ತೆರೆದಿರುತ್ತದೆ. ಹುಳು, ಏಡಿಮರಿ ದೊರೆಯುವುದು ಆಗಲೇ. ಉತ್ತರದ ದೂರದೇಶಗಳಿಂದ ಬಂದ ಗೊರವವು ಮರುಪಯಣಕ್ಕೆ ಬೇಕಾದ ಕೊಬ್ಬನ್ನು ಈ ತಾಸುಗಳಲ್ಲಿಯೇ ಕೂಡಿಡಬೇಕು. ಪ್ರತಿಯೊಂದು ವ್ಯರ್ಥ ಹಾರಾಟವೂ ಅದನ್ನು ಕರಗಿಸುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದದ ಅರ್ಥದಲ್ಲಿ ಅಟ್ಟುವುದನ್ನೂ ಸೇರಿಸಿದೆ. ಕೋವಿಯ ಬದಲು ಕ್ಯಾಮೆರಾ ಹಿಡಿದ ಮಾತ್ರಕ್ಕೆ ಅದು ಕಲೆಯಾಗದು. ಸ್ಪರ್ಧೆಗಳ ತೀರ್ಪುಗಾರರೂ ಹೊಣೆಗಾರರೇ. ಹಾರುವ ಹಕ್ಕಿಗೆ ಬಹುಮಾನ ಕೊಡುವವರು ಅದು ಏಕೆ ಹಾರಿತೆಂದು ಕೇಳಬೇಡವೇ?

ಭರತ ಏರಿ ಕೆಸರು ಮುಳುಗುವಾಗ ಹಕ್ಕಿಗಳು ತಾವಾಗಿಯೇ ಏಳುತ್ತವೆ. ವಿದ್ಯಾರ್ಥಿಗಳೇ, ಭರತದ ವೇಳೆ ತಿಳಿದುಕೊಂಡು, ಸೂರ್ಯನಿಗೆ ಬೆನ್ನು ಹಾಕಿ ದಂಡೆಯಲ್ಲಿ ಸುಮ್ಮನೆ ಕುಳಿತಿರಿ. ಕಾಯಲಾಗದವರು ಗುಳ್ಳದ ಗದ್ದೆಯ ಚಿತ್ರ ತೆಗೆದುಕೊಂಡು ಹೋಗಲಿ, ಬದನೆ ಹೆದರುವುದಿಲ್ಲ.