ಅಂಗೈಯಗಲದ ಮೀನಿಗೆ ಹತ್ತು ಸಾವಿರದ ಕೋಲೇ?

ಕಂಬಂ ಕಣಿವೆಯ ವಾಚಕರೊಬ್ಬರ ಕಾಗದ ಬಂದಿದೆ. ಅವರ ಚಿರಂಜೀವಿ ಕಾಲೇಜಿನ ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ವೈಗೈ ಅಣೆಕಟ್ಟಿನ ಕಡೆಗೆ ಗಾಳ ಹಾಕಲು ಹೋಗುವನಂತೆ. ಈ ಸಲ ‘ಅಲ್ಟ್ರಾಲೈಟ್’ ಎಂಬ ಅತಿ ಹಗುರಾದ ಕೋಲಿಗೂ ರೀಲಿಗೂ 10,000 ರೂಪಾಯಿ ಕೇಳಿದ್ದಾನೆ. ಅವನು ಹಿಡಿದು ತರುವುದು ಅಂಗೈಯಗಲದ ಜಿಲೇಬಿ ಮೀನು. “ಇಲ್ಲವೆಂದರೆ ಮಗನಿಗೆ ಮುನಿಸು, ಕೊಟ್ಟರೆ ಅವನ ತಾಯಿಗೆ ಮುನಿಸು, ಏನು ಮಾಡಲಿ?” ಎಂದು ಕೇಳಿದ್ದಾರೆ.

ಮುನಿಸಿನ ಮಾತು ಹಾಗಿರಲಿ, ಮೊದಲು ಮೀನನ್ನು ವಿಚಾರಿಸೋಣ. ಮನೆಯಲ್ಲಿ ಕನ್ನಡವಾಡುವ ನಮಗೂ ಇದರ ಹೆಸರು ಸಂತೆಯ ತಮಿಳಿನಿಂದಲೇ ಬಂದಿದೆ. ಮೀನಾದರೋ ಇನ್ನೂ ದೂರದ್ದು: ಆಫ್ರಿಕದ ಮೊಜಾಂಬಿಕ್ ತಿಲಾಪಿಯ, ಭಾರತಕ್ಕೆ ಬಂದದ್ದು 1952ರಲ್ಲಿ. ವೈಗೈ ಅಣೆಕಟ್ಟು ಮುಗಿದದ್ದು 1959ರಲ್ಲಿ. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡೇ ಕಾಯುವುದರಿಂದ ಮರಿಗಳು ಹೆಚ್ಚು ಉಳಿಯುತ್ತವೆ. ಸಂತತಿ ಕಿಕ್ಕಿರಿದಲ್ಲಿ ಇದು ಬೆಳೆಯುವ ಮೊದಲೇ ಮೊಟ್ಟೆಯಿಡತೊಡಗಿ, ಗಿಡ್ಡಾಗಿಯೇ ಉಳಿದುಬಿಡುತ್ತದೆ. ಮೀನು ಚಿಕ್ಕದೆಂಬುದು ಕೋಲಿನ ದೋಷವಲ್ಲ. ಕೋಲು ಬದಲಿಸಿದರೆ ಮೀನು ದೊಡ್ಡದಾಗುವುದೂ ಇಲ್ಲ.

ಹಾಗಾದರೆ ಆ ಹಗುರ ಕೋಲು ಬರಿಯ ಷೋಕಿಯೇ? ಅಲ್ಲ. ಎರಡು ಗ್ರಾಮಿನಷ್ಟೇ ತೂಗುವ ಹುಸಿಹುಳುವನ್ನು ದೂರಕ್ಕೆ ಎಸೆಯುವುದಕ್ಕೆ ಅದು ಹುಟ್ಟಿದೆ. ಬಿಗಿಯಾದ ಕೋಲು ಅಷ್ಟು ಅಲ್ಪ ಭಾರಕ್ಕೆ ಬಾಗದು. ಬಾಗದ ಕೋಲಿನಿಂದ ಎಸೆತಕ್ಕೆ ಬಲ ಬಾರದು. ಅಮೆರಿಕದ ಕೆರೆಗಳ ಬ್ಲೂಗಿಲ್, ಕ್ರಾಪಿ ಮುಂತಾದ ಕಿರುಮೀನುಗಳು ಚಲಿಸುವ ಹುಸಿಹುಳುವನ್ನು ಕಂಡು ಬಾಯಿಹಾಕುತ್ತವೆ. ಅಲ್ಲಿ ಆ ಹಣ ನೀರಿಗೆ ಬಿದ್ದ ಹಣವಲ್ಲ. ನಮ್ಮ ಜಿಲೇಬಿಯ ಊಟವೇ ಬೇರೆ. ಪಾಚಿ, ಕೆಸರಿನ ಕೊಳೆತ ಪದಾರ್ಥ, ಸಣ್ಣಪುಟ್ಟ ಹುಳು ಅದಕ್ಕೆ ಸಾಕು. ತನ್ನ ಗುಂಡಿಯನ್ನು ಕಾಯುವ ಗಂಡು ಮೀನು ಸಿಟ್ಟಿನಿಂದ ಹುಸಿಹುಳುವಿನ ಮೇಲೆ ಎರಗೀತು. ಅದನ್ನು ನಂಬಿ ಹತ್ತು ಸಾವಿರ ಸುರಿಯುವುದು ಹೇಗೆ?

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಗಾಳದ ವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಬೊಕ್ಕಸಕ್ಕೆ ಕೊರತೆಯಿಲ್ಲದ ಅರಸನೂ ಅಲ್ಲಿ ಮೀನಿನ ಆಹಾರವನ್ನು ವಿಚಾರಿಸದೆ ಬಿಡಲಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಜಿಲೇಬಿಗೆ ಬಿದಿರ ಕೋಲೇ ಸಾಕು. ದಡದ ಸಮೀಪದಲ್ಲೇ ಮೇಯುವ ಮೀನಿಗೆ ದೂರದ ಎಸೆತವೇಕೆ? ಆದರೆ ದಾರದಲ್ಲಿ, ಕೊಕ್ಕೆಯಲ್ಲಿ ಜಿಪುಣತನ ಬೇಡ. ಕಿರುಬಾಯಿಯ ಮೀನಿಗೆ ದೊಡ್ಡ ಕೊಕ್ಕೆ ಕಟ್ಟಿದರೆ ಎರೆಹುಳುವನ್ನು ಕಚ್ಚಿಕೊಂಡು ಹೋಗುತ್ತದೆಯೇ ಹೊರತು ಸಿಕ್ಕದು. ದಪ್ಪ ಬೆಂಡು ಅದರ ಮೆಲುಗಚ್ಚನ್ನು ತಿಳಿಸದು. ಸಣ್ಣ ಚೂಪು ಕೊಕ್ಕೆ, ತೆಳು ನೈಲಾನ್ ದಾರ, ಕಡ್ಡಿಯಂಥ ಬೆಂಡು, ಎರೆಹುಳು ಇಲ್ಲವೇ ಮೈದಾ ಹಿಟ್ಟಿನ ಉಂಡೆ: ಇಷ್ಟಕ್ಕೆ ಕೆಲವೇ ನೂರು ರೂಪಾಯಿ. ವಿರಾಲ್ ಎಂದು ಇಲ್ಲಿ ಕರೆಯುವ ಕೊರವ ಮೀನು ಕಚ್ಚಿ ಜೊಂಡಿನೊಳಗೆ ನುಗ್ಗಿದರೆ ಆ ತೆಳುದಾರ ತುಂಡಾದೀತು. ಅದಕ್ಕೆ ದಪ್ಪ ದಾರದ ಬೇರೊಂದು ಕೋಲು ಬೇಕು.

ಮಗನಿಗೆ ಎಸೆಯುವ ಕಲೆಯೇ ಇಷ್ಟವಾಗಿದ್ದರೆ, ಮೀನಿನ ಲೆಕ್ಕ ಹಿಡಿದು ಅವನೊಡನೆ ವಾದಿಸಬೇಡಿ. ಸಂಪಾದನೆಗೆ ತೊಡಗಿದ ಮೇಲೆ ತನ್ನ ಹಣದಿಂದ ಕೊಳ್ಳಲಿ. ಅಲ್ಲಿಯವರೆಗೆ ಬಿದಿರು. ಯಾವ ಕೋಲಾದರೂ ಸರಿ, ಜಲಾಶಯದಲ್ಲಿ ಗಾಳ ಹಾಕುವ ಮುನ್ನ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಹೋಗತಕ್ಕದ್ದು. ಇನ್ನು, ತಂದ ಮೀನನ್ನು ತಾಯಿಯ ಕೈಗೆ ಕೊಟ್ಟು ಮಲಗದೆ ತಾನೇ ಹುರುಪೆ ತೆಗೆದುಕೊಟ್ಟರೆ ಆಕೆಯ ಮುನಿಸೂ ಅರ್ಧ ಇಳಿದೀತು.