ಬೆಟ್ಟದ ಬುಡದ ಅಂಗಡಿ

ಮುಂಬಯಿ, ಪುಣೆಗಳಂಥ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಬೆಟ್ಟ ಹತ್ತುವ ಹವ್ಯಾಸವನ್ನು ಬೆಳೆಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ವಾರವೆಲ್ಲ ಕಚೇರಿಯ ಕುರ್ಚಿಗೆ ಅಂಟಿಕೊಂಡು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬಸವಳಿದ ದೇಹಕ್ಕೆ ಭಾನುವಾರದಂದು ಲೋಹಗಡದ ಮೆಟ್ಟಿಲುಗಳೂ ಮಾಥೇರಾನಿನ ಕೆಮ್ಮಣ್ಣಿನ ಹಾದಿಯೂ ಕೊಡುವ ಚೈತನ್ಯವನ್ನು ಯಾವ ಔಷಧವೂ ಕೊಡಲಾರದು. 1646 ಮೀಟರ್ ಎತ್ತರದ ಕಳಸೂಬಾಯಿಯ ನೆತ್ತಿಯನ್ನು, ಅಂದರೆ ಮಹಾರಾಷ್ಟ್ರದ ಅತ್ಯುನ್ನತ ಶಿಖರವನ್ನು, ಐವತ್ತರ ಗಡಿ ಸಮೀಪಿಸಿದವರೂ ಏರಿ ಬರುತ್ತಾರೆ. ಚಾರಣದ ಆರೋಗ್ಯಲಾಭಗಳನ್ನು ಕುರಿತು ವೈದ್ಯರು ಸಾಕಷ್ಟು ಬರೆದಿದ್ದಾರೆ. ಆದರೆ ಆ ಲಾಭಕ್ಕೆ ಮೂಲ ಬಂಡವಾಳವಾದ ಬೂಟು, ಬೆನ್ನಚೀಲ, ಊರುಗೋಲು, ಮಳೆಯಂಗಿ ಮುಂತಾದ ಸಾಮಗ್ರಿಗಳನ್ನು ಎಲ್ಲಿ, ಯಾರಿಂದ, ಹೇಗೆ ಕೊಳ್ಳಬೇಕೆಂಬ ವಿಷಯದಲ್ಲಿ ವಿಚಾರ ನಡೆದದ್ದು ಕಡಿಮೆ. ಇದು ಕೇವಲ ರೂಪಾಯಿಯ ಲೆಕ್ಕವಲ್ಲ; ಮೊಣಕಾಲಿನ, ಪಾದದ, ಕೆಲವೊಮ್ಮೆ ಪ್ರಾಣದ ಲೆಕ್ಕವೂ ಹೌದು.

ನಗರದ ಗ್ರಾಹಕನು ಸಾಮಾನ್ಯವಾಗಿ ಎರಡು ಮಾರ್ಗಗಳನ್ನು ಅನುಸರಿಸುತ್ತಾನೆ. ಒಂದು, ಹವಾನಿಯಂತ್ರಿತ ಮಳಿಗೆಯ ಅಮೃತಶಿಲೆಯ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ಬೂಟನ್ನು ಆರಿಸುವುದು. ಇನ್ನೊಂದು, ಮೊಬೈಲಿನಲ್ಲಿ ಚಿತ್ರವನ್ನೂ ರಿಯಾಯಿತಿಯನ್ನೂ ನೋಡಿ ಮನೆಗೇ ತರಿಸಿಕೊಳ್ಳುವುದು. ಎರಡರಲ್ಲಿಯೂ ಒಂದು ಮೂಲಭೂತ ಕೊರತೆಯುಂಟು. ಚಾರಣದ ಬೂಟಿನ ಗುಣದೋಷಗಳು ಗೊತ್ತಾಗುವುದು ಸಮತಲದಲ್ಲಲ್ಲ, ಇಳಿಜಾರಿನಲ್ಲಿ. ಇಳಿಯುವಾಗ ಪಾದವು ಮುಂದಕ್ಕೆ ಸರಿದು ಹೆಬ್ಬೆರಳು ಬೂಟಿನ ತುದಿಗೆ ಬಡಿಯತೊಡಗಿದರೆ ಸಂಜೆಯ ಹೊತ್ತಿಗೆ ಉಗುರು ಕಪ್ಪಾಗುತ್ತದೆ. ಅಷ್ಟರಲ್ಲಿ ಅಡಿಭಾಗಕ್ಕೆ ಮಣ್ಣು ಮೆತ್ತಿರುತ್ತದೆ. ಬಳಸಿದ ಬೂಟನ್ನು ಯಾವ ವ್ಯಾಪಾರಿಯೂ ಸುಲಭವಾಗಿ ಹಿಂದಕ್ಕೆ ಪಡೆಯುವುದಿಲ್ಲ. ರಿಯಾಯಿತಿಯಲ್ಲಿ ಉಳಿಸಿದ ಹಣ ಹೀಗೆ ಕಾಲಿನ ಖಾತೆಗೆ ಖರ್ಚಾಗುತ್ತದೆ.

ಸಹ್ಯಾದ್ರಿಯ ನೆಲವೂ ತನ್ನದೇ ಆದ ಸ್ವಭಾವವುಳ್ಳದ್ದು. ಮಹಾರಾಷ್ಟ್ರದ ಭಾಗದಲ್ಲಿ ಇದು ಬಹುಮಟ್ಟಿಗೆ ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಸಾಲ್ಟ್ ಶಿಲೆ. ಬೇಸಿಗೆಯಲ್ಲಿ ಇದರ ಮೇಲೆ ಕಾಲು ಭದ್ರವಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಎಣ್ಣೆ ಹಚ್ಚಿದ ಗಾಜಿನಂತಾಗುತ್ತದೆ. ಗಟ್ಟಿ ರಬ್ಬರಿನ ಅಡಿ ಇಂಥ ಕಡೆ ಜಾರುತ್ತದೆ. ಮೃದುವಾದ, ಆಳವಾದ ಕಚ್ಚುಗಳುಳ್ಳ ಅಡಿ ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆದರೂ ಸರಿ. ಮಾಥೇರಾನಿನಲ್ಲಿ ಬಸಾಲ್ಟಿನ ಮೇಲೆ ಕೆಂಪು ಮುರಕಲ್ಲಿನ ಪದರವಿದ್ದು, ಅಲ್ಲಿ ಉರುಟು ಹರಳುಗಳದೇ ಭಯ. ಈ ಭೇದಗಳು ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಅಚ್ಚಾಗಿರುವುದಿಲ್ಲ. ಆ ಹಾದಿಯಲ್ಲಿ ದಿನವೂ ನಡೆಯುವವನಿಗೆ ಮಾತ್ರ ತಿಳಿದಿರುತ್ತವೆ.

ಆದುದರಿಂದಲೇ ಹಾದಿಯ ಬದಿಯ ಅಂಗಡಿಗೆ ಒಂದು ವಿಶೇಷ ಸ್ಥಾನವಿದೆ. ಈ ಮಾತಿಗೆ ಉತ್ತಮ ನಿದರ್ಶನವು ಅಮೆರಿಕದಲ್ಲಿ ದೊರೆಯುತ್ತದೆ. ಅಲ್ಲಿಯ ಅಪಲೇಚಿಯನ್ ಚಾರಣಪಥವು ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಪರ್ವತದಲ್ಲಿ ಆರಂಭವಾಗಿ ಸುಮಾರು 3,500 ಕಿಲೋಮೀಟರ್ ಸಾಗಿ ಮೇನ್ ರಾಜ್ಯದ ಕಟಾಡಿನ್ ಪರ್ವತದಲ್ಲಿ ಮುಗಿಯುತ್ತದೆ. ದಕ್ಷಿಣದ ತುದಿಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ನೀಲ್ಸ್ ಗ್ಯಾಪ್ ಎಂಬ ಕಣಿವೆಯಲ್ಲಿ, 1930ರ ದಶಕದಲ್ಲಿ ಕಟ್ಟಿದ ಕಲ್ಲಿನ ಕಟ್ಟಡವೊಂದರಲ್ಲಿ ಚಾರಣ ಸಾಮಗ್ರಿಗಳ ಅಂಗಡಿಯಿದೆ. ಚಾರಣಪಥವು ಆ ಕಟ್ಟಡದ ಮೊಗಸಾಲೆಯ ಮೂಲಕವೇ ಹಾದುಹೋಗುತ್ತದೆ. ಮೂರು ನಾಲ್ಕು ದಿನ ಭಾರ ಹೊತ್ತು ಬಳಲಿ ಬಂದವರ ಬೆನ್ನಚೀಲವನ್ನು ಅಲ್ಲಿಯ ಅನುಭವಸ್ಥರು ಬಿಚ್ಚಿಸಿ, ಒಂದೊಂದು ವಸ್ತುವನ್ನೂ ಹೊರಗಿಟ್ಟು, ಯಾವುದು ಬೇಕು, ಯಾವುದು ಬೇಡವೆಂದು ವಿಂಗಡಿಸಿಕೊಡುವ ಪದ್ಧತಿ ಪ್ರಸಿದ್ಧವಾಗಿದೆ. ಬೇಡವಾದುದನ್ನು ಕಟ್ಟಿ ಮನೆಗೆ ಕಳುಹಿಸಲಾಗುತ್ತದೆ.

ವಾಣಿಜ್ಯದ ದೃಷ್ಟಿಯಿಂದ ಇದು ವಿಚಾರಾರ್ಹ. ಮಾರಲು ಕುಳಿತವನೇ "ಇದು ನಿಮಗೆ ಬೇಡ" ಎನ್ನುತ್ತಾನೆ. ಆತನಿಗೆ ಇದರಿಂದ ನಷ್ಟವಿಲ್ಲ. ವಿಶ್ವಾಸವೆಂಬ ಆಸ್ತಿ ಬೆಳೆಯುತ್ತದೆ. ದೂರದ ಮಳಿಗೆಯವನಿಗೆ ಗ್ರಾಹಕನ ನೋವು ಕಾಣುವುದಿಲ್ಲ. ಹಾದಿಬದಿಯ ವ್ಯಾಪಾರಿಯ ಮುಂದೆಯೇ ಗ್ರಾಹಕನು ಕುಂಟುತ್ತ ಇಳಿದು ಬರುತ್ತಾನೆ. ಮಾರಿದ ಮಾಲಿನ ಲೆಕ್ಕಪರಿಶೋಧನೆ ಅಂದೇ ಸಂಜೆ, ಅವನ ಬಾಗಿಲಲ್ಲಿಯೇ ನಡೆದುಬಿಡುತ್ತದೆ.

ಭಾರತದ ಬೆಟ್ಟಗಳಿಗೆ ಈ ವಿವೇಕ ಹೊಸದೇನೂ ಅಲ್ಲ. ಮಲೆನಾಡಿನ ಗೊರಬೆಯನ್ನೂ ಕೊಂಕಣದ ಇರಲೆಯನ್ನೂ ನೆನೆಯಬಹುದು. ಬಿದಿರಿನ ಕಡ್ಡಿ ಮತ್ತು ಎಲೆಗಳಿಂದ ಹೆಣೆದು ತಲೆಬೆನ್ನುಗಳನ್ನು ಮುಚ್ಚುವ, ಎರಡು ಕೈಗಳನ್ನೂ ಕೆಲಸಕ್ಕೆ ಬಿಡುವ ಈ ಮಳೆಗವಚವನ್ನು ರೂಪಿಸಿದವರು ಆ ಮಳೆಯಲ್ಲಿ ನಾಟಿ ಮಾಡಿದವರೇ. ಮಳೆಗಾಲದ ಮಲೆನಾಡಿನಲ್ಲಿ ಉಂಬಳಗಳಿಗೆ ಸುಣ್ಣ, ಹೊಗೆಸೊಪ್ಪುಗಳ ಉಪಾಯವನ್ನು ಹೇಳಿಕೊಡುವವರು ಹಳ್ಳಿಯ ದಿನಸಿ ಅಂಗಡಿಯವರು. ಮಾಥೇರಾನ್, ಮಹಾಬಳೇಶ್ವರಗಳ ಪೇಟೆಯಲ್ಲಿ ಊರುಗೋಲುಗಳ ಮಾರಾಟ ಬಹುಕಾಲದಿಂದ ನಡೆದುಬಂದಿದೆ. ಉತ್ತರಾಖಂಡದ ಸಾಂಕರಿಯಂಥ ಹಳ್ಳಿಗಳಲ್ಲಿ ಬೆಚ್ಚನೆಯ ಅಂಗಿ, ಹಿಮದಲ್ಲಿ ಬೂಟಿಗೆ ತೊಡಿಸುವ ಮುಳ್ಳುಸರಪಳಿ ಮುಂತಾದವು ಬಾಡಿಗೆಗೆ ದೊರೆಯುತ್ತವೆ.

ಬಾಡಿಗೆಯ ಈ ಪದ್ಧತಿ ಮಧ್ಯಮವರ್ಗದ ಕುಟುಂಬಗಳು ಗಮನಿಸತಕ್ಕದ್ದು. ಆರು ಸಾವಿರ ರೂಪಾಯಿ ಕೊಟ್ಟು ಕೊಂಡ ಹಿಮದ ಅಂಗಿಯನ್ನು ಜೀವಮಾನದಲ್ಲಿ ಎರಡೇ ಬಾರಿ ತೊಟ್ಟರೆ ಒಂದೊಂದು ಬಾರಿಗೆ ಮೂರು ಸಾವಿರ ಬಿದ್ದಂತಾಯಿತು. ಉಳಿದ ಕಾಲವೆಲ್ಲ ಅದು ಕಪಾಟಿನ ಜಾಗವನ್ನು ತಿನ್ನುತ್ತದೆ. ಬೂಟಿನ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚಿನದು. ಅನೇಕ ಬೂಟುಗಳ ಅಡಿಯ ಮೆತ್ತೆಯನ್ನು ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಮಾಡಿರುತ್ತಾರೆ. ಗಾಳಿಯ ತೇವದಿಂದ ಅದು ಕೆಲವು ವರ್ಷಗಳಲ್ಲಿ, ಬಳಸದೆ ಇಟ್ಟರೂ, ಒಳಗೊಳಗೇ ಶಿಥಿಲವಾಗುತ್ತದೆ. ಮುಂಬಯಿಯ ಹವೆಯಲ್ಲಿ ಅಟ್ಟದ ಮೇಲೆ ಐದಾರು ವರ್ಷ ಮಲಗಿದ್ದ ಬೂಟು ನೋಡಲು ಹೊಸದರಂತಿದ್ದು, ಗುಡ್ಡದ ಅರ್ಧದಲ್ಲಿ ಅಡಿ ಕಳಚಿಕೊಂಡು ಬೀಳುವುದುಂಟು. ಬಳಸದ ಸರಕೂ ಸವಕಳಿಗೆ ಒಳಗಾಗುತ್ತದೆಂಬ ಲೆಕ್ಕಶಾಸ್ತ್ರದ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಹಾಗೆಂದು ಎಲ್ಲವನ್ನೂ ಚಾರಣದ ದಿನ ಬೆಳಗ್ಗೆ ಬೆಟ್ಟದ ಬುಡದಲ್ಲಿಯೇ ಕೊಳ್ಳಬೇಕೆಂಬುದು ಈ ಲೇಖನದ ವಾದವಲ್ಲ. ಹೊಸ ಬೂಟನ್ನು ಅಂದೇ ತೊಟ್ಟು ಹತ್ತುವುದು ಗುಳ್ಳೆಗಳಿಗೆ ಆಹ್ವಾನವಿತ್ತಂತೆ. ಬೂಟನ್ನು ಎರಡು ಮೂರು ವಾರ ಮುಂಚಿತವಾಗಿ ಕೊಂಡು, ದಿನವೂ ಸ್ವಲ್ಪ ಹೊತ್ತು ನಡೆದು ಪಳಗಿಸಬೇಕು. ಸಂಜೆಯ ಹೊತ್ತಿಗೆ ಪಾದಗಳು ಕೊಂಚ ಊದಿಕೊಂಡಿರುವುದರಿಂದ ಆಗಲೇ, ಚಾರಣದಲ್ಲಿ ತೊಡುವ ಕಾಲುಚೀಲದೊಡನೆಯೇ, ಅಳತೆ ನೋಡಬೇಕು. ಬೆರಳುಗಳ ಮುಂದೆ ಅರ್ಧ ಅಂಗುಲ ಜಾಗವಿರಲಿ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟು ಚರ್ಮವನ್ನು ಮೆತ್ತಗಾಗಿಸುತ್ತದೆ. ಉಣ್ಣೆಯ ಅಥವಾ ಸಂಶ್ಲೇಷಿತ ನೂಲಿನದು ಮೇಲು. ಮಧುಮೇಹಿಗಳು ಇದನ್ನು ವಿಶೇಷವಾಗಿ ಲಕ್ಷಿಸಬೇಕು. ದೀರ್ಘಕಾಲದ ಸಕ್ಕರೆಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದ್ದರೆ ಬೂಟು ಕಚ್ಚಿದುದು ತಿಳಿಯುವುದೇ ಇಲ್ಲ. ಚಿಕ್ಕ ಗುಳ್ಳೆ ಮಾಗದ ವ್ರಣವಾಗಬಹುದು. ಅಂಥವರು ವೈದ್ಯರ ಸಲಹೆ ಪಡೆದೇ ಹೊರಡತಕ್ಕದ್ದು. ವಿಶ್ರಾಂತಿಗೆ ಕುಳಿತಾಗಲೆಲ್ಲ ಪಾದಗಳನ್ನು ಕಣ್ಣಾರೆ ಪರೀಕ್ಷಿಸಿಕೊಳ್ಳತಕ್ಕದ್ದು.

ಬೂಟಿಗಾಗಿ ಒಂದು ಭಾನುವಾರವನ್ನು ಮೀಸಲಿಟ್ಟು, ಬೆಟ್ಟದ ಸಮೀಪದ ಊರಿನ ಅಂಗಡಿಗೆ ಮೊದಲೇ ಹೋಗಿ ಬರುವುದು ಉತ್ತಮ. ಅಲ್ಲಿ ತಕ್ಕ ಅಳತೆ ದೊರೆಯದಿದ್ದರೆ ಸಲಹೆಯಾದರೂ ದೊರೆಯುತ್ತದೆ. ಆ ಸಲಹೆಯೊಡನೆ ನಗರದಲ್ಲಿ ಕೊಂಡರೂ ತಪ್ಪಿಲ್ಲ. ಊರುಗೋಲು, ಹಗ್ಗ, ಮಳೆಯಂಗಿ, ಟಾರ್ಚಿನ ಸೆಲ್ಲು, ನಿಂಬೆಹಣ್ಣು, ಉಪ್ಪು, ಸಕ್ಕರೆ ಇವುಗಳನ್ನು ಅಂದೇ ಅಲ್ಲಿಯೇ ಕೊಳ್ಳಬಹುದು. ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರವನ್ನು ಊರುಗೋಲು ಎಷ್ಟೋ ತಗ್ಗಿಸುವುದರಿಂದ ನಲವತ್ತು ದಾಟಿದವರು ಅದನ್ನು ಮುಪ್ಪಿನ ಗುರುತೆಂದು ಹೀಗಳೆಯಬಾರದು. ಬೆನ್ನಚೀಲದ ತೂಕವು ಒಂದು ದಿನದ ಚಾರಣಕ್ಕೆ ದೇಹತೂಕದ ಹತ್ತನೆಯ ಒಂದು ಭಾಗವನ್ನು ಮೀರದಿರುವುದು ಲೇಸು. ಹೆಚ್ಚು ಭಾರವಿದ್ದರೆ ಸೊಂಟಪಟ್ಟಿಯನ್ನು ಬಿಗಿದು ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸಬೇಕು.

ಬೆಟ್ಟದ ಬುಡದ ಅಂಗಡಿಯ ವಿರುದ್ಧ ಕೆಲವು ಆಕ್ಷೇಪಗಳುಂಟು, ಅವು ನಿರಾಧಾರವಲ್ಲ. ಬೆಲೆ ನಾಲ್ಕು ಕಾಸು ಹೆಚ್ಚು; ಅಳತೆಗಳು ಕಡಿಮೆ; ಮಾಲಿನ ಗುಣಮಟ್ಟ ಎಲ್ಲ ಕಡೆಯೂ ಒಂದೇ ಸಮನಲ್ಲ; ರಸೀದಿ ಕೇಳಿದರೆ ಮುಖ ನೋಡುವವರೂ ಇದ್ದಾರೆ. ಒಂದೇ ಮಳೆಗೆ ಹರಿಯುವ ಪ್ಲಾಸ್ಟಿಕ್ ಅಂಗಿಗಳು ಬೆಟ್ಟದ ಮೈಮೇಲೆಯೇ ಕಸವಾಗಿ ಉಳಿಯುತ್ತವೆ. ಆದರೆ ಬೆಲೆಯ ಹೆಚ್ಚಳದಲ್ಲಿ ಸಾಗಣೆಯ ವೆಚ್ಚವಿದೆ, ಮಳೆಗಾಲದ ನಾಲ್ಕು ತಿಂಗಳ ವ್ಯಾಪಾರದಿಂದ ವರ್ಷ ತಳ್ಳಬೇಕಾದ ಸಂಸಾರವೂ ಇದೆ. ರಸೀದಿಯನ್ನು ಗ್ರಾಹಕನು ಸೌಜನ್ಯದಿಂದಲೇ, ಆದರೆ ತಪ್ಪದೆ ಕೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ದೂರು ಕೊಡುವ ಪ್ರಸಂಗ ಬಂದರೆ ಖರೀದಿಗೆ ಅದೇ ಸುಲಭವಾದ ಸಾಕ್ಷ್ಯ.

ದಾಸ್ತಾನಿನ ಕೊರತೆಗೆ ಮುಖ್ಯ ಕಾರಣ ಬಂಡವಾಳದ ಕೊರತೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಗಳವರೆಗೂ, ‘ಕಿಶೋರ’ ವಿಭಾಗದಲ್ಲಿ 5 ಲಕ್ಷದವರೆಗೂ ಇಂಥ ಸಣ್ಣ ವ್ಯಾಪಾರಿಗಳು ಆಸ್ತಿಯ ಅಡಮಾನವಿಲ್ಲದೆ ಸಾಲ ಪಡೆಯಬಹುದು. ಗಟ್ಟಿಯಾದ ಹತ್ತಿಪ್ಪತ್ತು ಮಳೆಯಂಗಿ, ಊರುಗೋಲು, ಬೆನ್ನಚೀಲಗಳನ್ನು ಬಾಡಿಗೆಗೆ ಇಡಲು ಮೊದಲನೆಯ ಮೊತ್ತವೇ ಸಾಕು. ಹರಿಯುವ ಪ್ಲಾಸ್ಟಿಕ್ಕಿಗೆ ಬದಲಾಗಿ ಬಾಳುವ ಅಂಗಿ ಬಂದರೆ ಬೆಟ್ಟವೂ ಶುಚಿಯಾಗಿರುತ್ತದೆ, ಅಂಗಡಿಗೂ ಪುನಃ ಪುನಃ ಆದಾಯ ಬರುತ್ತದೆ. ಲೋಹಗಡ, ರಾಜಗಡ, ಪ್ರತಾಪಗಡಗಳೂ ಸೇರಿದಂತೆ ಮರಾಠರ ಹನ್ನೆರಡು ಕೋಟೆಗಳು 2025ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಪ್ರವಾಸಿಗರ ಸಂಖ್ಯೆ ಬೆಳೆದಂತೆ ಅವರ ಖರ್ಚಿನ ಪಾಲು ಬುಡದ ಹಳ್ಳಿಗಳಿಗೂ ಸಲ್ಲುವುದು ನ್ಯಾಯ.

ಈ ನ್ಯಾಯದಲ್ಲಿ ಚಾರಣಿಗನ ಸ್ವಾರ್ಥವೂ ಅಡಗಿದೆ. ಮಂಜಿನಲ್ಲಿ ದಾರಿ ತಪ್ಪಿದಾಗ, ಜಲಪಾತದ ಬಳಿ ಕಾಲು ಜಾರಿದಾಗ ಮೊದಲು ಓಡಿ ಬರುವವರು ಬುಡದ ಹಳ್ಳಿಯವರೇ. ಪೊಲೀಸರೂ ರಕ್ಷಣಾ ತಂಡದವರೂ ಬರುವುದು ಆಮೇಲೆ. ಬೆಳಗ್ಗೆ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು, ಒಂದು ಊರುಗೋಲು ಕೊಂಡು, ಹೋಗುವ ದಾರಿಯನ್ನೂ ಮರಳುವ ವೇಳೆಯನ್ನೂ ಹೇಳಿ ಹೊರಟವನು ಸಂಜೆಯಾದರೂ ಬಾರದಿದ್ದರೆ ಆ ಅಂಗಡಿಯವನಿಗೆ ನೆನಪಾಗುತ್ತದೆ. ಹಾಗೆ ಕೊಟ್ಟ ನಾಲ್ಕು ಕಾಸು ಹೆಚ್ಚಿನ ಬೆಲೆಯಲ್ಲ, ವಿಮೆಯ ಕಂತು. ಪಟ್ಟಣದಿಂದ ಸಕಲ ಸಾಮಗ್ರಿಗಳನ್ನೂ ಹೊತ್ತು ತಂದು, ಯಾರೊಡನೆಯೂ ಮಾತಾಡದೆ ನೇರವಾಗಿ ಬೆಟ್ಟವೇರಿದವನಿಗೆ ಈ ರಕ್ಷಣೆಯಿಲ್ಲ.

ಕನ್ನಡ ಸಂಘಗಳು ತಮ್ಮ ಸದಸ್ಯರಿಗಾಗಿ ಚಾರಣ ಏರ್ಪಡಿಸುವಾಗ ಕೆಲವು ಸುಲಭ ಕ್ರಮಗಳನ್ನು ಕೈಗೊಳ್ಳಬಹುದು. ಹದಿನೈದು ದಿನ ಮುಂಚೆ ಸದಸ್ಯರ ಅಗತ್ಯಗಳ ಪಟ್ಟಿ ಮಾಡಿ ಬುಡದ ಊರಿನ ಅಂಗಡಿಗೆ ತಿಳಿಸಿದರೆ ವ್ಯಾಪಾರಿಯೂ ಸಿದ್ಧನಾಗಿರುತ್ತಾನೆ, ಬೆಲೆಯಲ್ಲಿಯೂ ಅನುಕೂಲವಾದೀತು. ಹೊರಡುವ ಮುನ್ನ ಅಲ್ಲಿಯ ಅನುಭವಿಯೊಬ್ಬರಿಂದ ಎಲ್ಲರ ಚೀಲಗಳನ್ನೂ ಒಮ್ಮೆ ಪರೀಕ್ಷಿಸಿ, ಬೇಡವಾದುದನ್ನು ಅಂಗಡಿಯಲ್ಲಿಯೇ ಇರಿಸಿ ಹೋಗುವ ಪರಿಪಾಠವನ್ನು ಹಾಕಿಕೊಳ್ಳಬಹುದು.

ಹೊರೆ ಹಗುರವಾದಷ್ಟೂ ಹೆಜ್ಜೆ ಭದ್ರವಾಗುತ್ತದೆ. ಆರೋಗ್ಯಕ್ಕಾಗಿ ಬೆಟ್ಟ ಹತ್ತುವವರು ಅಲ್ಲಿಯ ಜನರ ಅನುಭವವನ್ನೂ ಸಂಗಡ ಒಯ್ದರೆ ಏರುವುದೂ ಕ್ಷೇಮ, ಇಳಿಯುವುದೂ ಕ್ಷೇಮ.