ಮೊಲದ ಕಣ್ಣು ಒದ್ದೆಯಾದರೆ ಬಾಯನ್ನೂ ತೋರಿಸಿ

ಮೊಲ ಬೊಗಳುವುದಿಲ್ಲ, ಕೂಗುವುದಿಲ್ಲ, ಅಕ್ಕಪಕ್ಕದವರಿಗೆ ತೊಂದರೆ ಕೊಡುವುದಿಲ್ಲ. ಬಾಡಿಗೆ ಮನೆಯಲ್ಲೂ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ಅದನ್ನು ಸಾಕಬಹುದು ಎನ್ನಿಸುವುದಕ್ಕೆ ಇದೇ ಕಾರಣ. ಆದರೆ ಕಾಯಿಲೆ ಬಿದ್ದಾಗ ಈ ಮೌನವೇ ಅದಕ್ಕೆ ಮುಳುವು. ಬೇಟೆಗಾರ ಪ್ರಾಣಿಗಳ ನಡುವೆ ಬದುಕಿದ ಜೀವಿ ತನ್ನ ನೋವನ್ನು ಮುಚ್ಚಿಡುತ್ತದೆ. ಮನೆಯವರ ಗಮನಕ್ಕೆ ಮೊದಲು ಬರುವುದು ಹೆಚ್ಚಾಗಿ ಅದರ ಕಣ್ಣು: ನೀರು ಸುರಿಯುತ್ತದೆ, ಪಿಸರು ಕಟ್ಟುತ್ತದೆ, ಕೆನ್ನೆಯ ಕೂದಲು ಅಂಟಿಕೊಳ್ಳುತ್ತದೆ.

ಹಾಗೆಂದು ರೋಗ ಕಣ್ಣಿನದ್ದೇ ಆಗಿರಬೇಕಿಲ್ಲ. ಮೊಲದ ಹಲ್ಲುಗಳು ಬದುಕಿರುವಷ್ಟು ದಿನವೂ ಬೆಳೆಯುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ನಾರಿನ ಹುಲ್ಲನ್ನು ಗಂಟೆಗಟ್ಟಲೆ ಜಗಿದರೆ ಮಾತ್ರ ಅವು ಸರಿಯಾಗಿ ಸವೆಯುತ್ತವೆ. ಸವೆಯದಿದ್ದರೆ ಬೇರುಗಳೂ ದವಡೆಯೊಳಗೆ ಉದ್ದವಾಗುತ್ತವೆ. ಕಣ್ಣೀರನ್ನು ಮೂಗಿಗೆ ಇಳಿಸುವ ಸಣ್ಣ ನಾಳ ಹಾದುಹೋಗುವುದು ಮೇಲಿನ ಹಲ್ಲುಗಳ ಬೇರಿನ ಪಕ್ಕದಲ್ಲೇ. ಬೇರು ಒತ್ತಿದಾಗ ಆ ದಾರಿ ಕಟ್ಟಿಕೊಳ್ಳುತ್ತದೆ, ಕಣ್ಣೀರು ಹೊರಗೆ ಹರಿಯುತ್ತದೆ. ಸೋಂಕು ತಗುಲಿದರೆ ಹಾಲಿನಂಥ ಬಿಳಿ ಕೀವು ಬರುತ್ತದೆ. ಹಲ್ಲಿನ ಬೇರಿನ ಕೀವು ಕಣ್ಣಿನ ಹಿಂದೆ ಸೇರಿದರೆ ಕಣ್ಣುಗುಡ್ಡೆಯೇ ಮುಂದಕ್ಕೆ ಉಬ್ಬಬಹುದು. ಇಂಥ ಕಣ್ಣಿಗೆ ಎಷ್ಟು ಡ್ರಾಪ್ಸ್ ಹಾಕಿದರೂ ಮೂಲ ಉಳಿದೇ ಇರುತ್ತದೆ.

ಬೇರೆ ಕಾರಣಗಳೂ ಇವೆ. ಗೂಡಿನಲ್ಲಿ ನಿಂತ ಮೂತ್ರದಿಂದ ಏಳುವ ಅಮೋನಿಯಾ ಕಣ್ಣನ್ನೂ ಮೂಗನ್ನೂ ಉರಿಸುತ್ತದೆ. ಹುಲ್ಲಿನ ಚೂಪು ತುದಿ ತಾಗಿ ಕಣ್ಣಿನ ಪಾರದರ್ಶಕ ಪದರದ ಮೇಲೆ ಹುಣ್ಣಾಗಬಹುದು. ಕಣ್ಣಿನೊಳಗೆ ಬಿಳಿ ಗಡ್ಡೆಯಂಥದ್ದು ಕಂಡರೆ, ಕುತ್ತಿಗೆ ಒಂದು ಕಡೆಗೆ ವಾಲಿದರೆ, ಮೊಲಗಳಲ್ಲಿ ಮೂತ್ರದ ಮೂಲಕ ಹರಡುವ ಸೂಕ್ಷ್ಮ ಪರಾವಲಂಬಿಯೊಂದರ ಸೋಂಕೂ ಇರಬಹುದು. ಅಪ್ಪಟ ಬಿಳಿ ಮೊಲದ ಕೆಂಪು ಕಣ್ಣು ಮಾತ್ರ ಹುಟ್ಟಿನಿಂದ ಬಂದದ್ದು, ಅದಕ್ಕೆ ಗಾಬರಿ ಬೇಡ. ಕಣ್ಣಿನ ಬಿಳಿ ಭಾಗ ಅಥವಾ ರೆಪ್ಪೆಯ ಒಳಗು ಕೆಂಪಾದರೆ ಅದು ಕಾಯಿಲೆಯ ಗುರುತು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಮೊಲವಿದ್ದರೆ ಅದನ್ನು ನೀವು ಪ್ರೀತಿಯಿಂದಲೇ ತಂದಿರುತ್ತೀರಿ. ಆ ಪ್ರೀತಿಯ ಭರವಸೆಯಿಂದಲೇ ಈ ಕೆಲವು ಮಾತುಗಳು.

ದಿನಕ್ಕೊಮ್ಮೆ ಮೇವು ಹಾಕುವಾಗ ಎರಡೂ ಕಣ್ಣುಗಳನ್ನು ಬೆಳಕಿನಲ್ಲಿ ನೋಡಿ. ಮುಂಗಾಲಿನ ಒಳಭಾಗವನ್ನೂ ನೋಡಿ. ಮೊಲ ಮುಖ ಒರೆಸಿಕೊಳ್ಳುವುದು ಮುಂಗಾಲಿನಿಂದಲೇ. ಅಲ್ಲಿನ ಕೂದಲು ಗಂಟುಕಟ್ಟಿದ್ದರೆ ಕಣ್ಣು ಅಥವಾ ಮೂಗು ಸೋರಿದೆ ಎಂದು ತಿಳಿಯಿರಿ.

ಮೇವಿನಲ್ಲಿ ಹುಲ್ಲಿಗೆ ಮೊದಲ ಸ್ಥಾನ ಕೊಡಿ. ಒಳ್ಳೆಯ ಒಣಹುಲ್ಲು, ಔಷಧಿ ಸಿಂಪಡಿಸದ ಕಡೆಯ ಗರಿಕೆ ದಿನವಿಡೀ ಅದರ ಮುಂದಿರಲಿ. ಕ್ಯಾರೆಟ್ ಅಪರೂಪದ ತಿಂಡಿಯಾಗಲಿ. ಬಿಸ್ಕತ್ತು, ಬ್ರೆಡ್ಡು ಬೇಡವೇ ಬೇಡ. ಮಕ್ಕಳು ಆಸೆಯಿಂದ ಕೊಡಲು ಬಂದರೆ ಅವರ ಕೈಗೆ ಒಂದು ಹಿಡಿ ಗರಿಕೆ ಕೊಡಿ.

ಮೂತ್ರ ಮಾಡುವ ಮೂಲೆಯನ್ನು ದಿನವೂ ಸ್ವಚ್ಛಮಾಡಿ. ದೂಳಾಗುವ ಮರದ ಹೊಟ್ಟು ಹಾಸಬೇಡಿ. ಗೂಡಿಗೆ ಗಾಳಿಯಾಡಲಿ, ಬಿಸಿಲು ನೇರವಾಗಿ ಬೀಳದಿರಲಿ. ಬೇಸಿಗೆಯ ಸೆಕೆಯನ್ನು ಮೊಲ ತಡೆಯಲಾರದು.

ಮನೆಯಲ್ಲಿ ಉಳಿದ ಡ್ರಾಪ್ಸನ್ನು ಹಾಕಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ. ಸ್ಟೆರಾಯ್ಡ್ ಇರುವ ಡ್ರಾಪ್ಸ್ ಕಣ್ಣಿನ ಹುಣ್ಣನ್ನು ಇನ್ನಷ್ಟು ಕೆಡಿಸುತ್ತದೆ. ನಾವು ನುಂಗುವ ಅಮಾಕ್ಸಿಸಿಲಿನ್‌ನಂಥ ಔಷಧಿ ಬಾಯಿಂದ ಕೊಟ್ಟರೆ ಮೊಲದ ಕರುಳು ಕೆಟ್ಟು ಪ್ರಾಣವೇ ಹೋಗಬಹುದು. ಪಶುವೈದ್ಯರಿಗೆ ತೋರಿಸುವವರೆಗೆ ಉಗುರುಬೆಚ್ಚಗಿನ ಶುದ್ಧ ನೀರಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿದರೆ ಸಾಕು. ಹೋಗುವ ಮುನ್ನ ಫೋನ್ ಮಾಡಿ, ಮೊಲಗಳನ್ನು ನೋಡುತ್ತಾರೆಯೇ ಎಂದು ವಿಚಾರಿಸಿ. ಕಣ್ಣಿನ ಜೊತೆಗೆ ಹಲ್ಲನ್ನೂ ಪರೀಕ್ಷಿಸಿ ಎಂದು ಕೇಳಲು ಸಂಕೋಚ ಬೇಡ. ಒಂದು ವೇಳೆ ದೃಷ್ಟಿ ಹೋದರೂ ಧೈರ್ಯಗೆಡಬೇಡಿ. ಗೂಡು, ನೀರು, ಮೇವಿನ ಜಾಗ ಬದಲಿಸದಿದ್ದರೆ ಕುರುಡು ಮೊಲವೂ ನೆಮ್ಮದಿಯಾಗಿ ಬಾಳುತ್ತದೆ.

ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆಗೆಂದು ಕಾಯಬೇಡಿ. ನೋವಿನಿಂದ ಮೇವು ಬಿಟ್ಟ ಮೊಲದ ಕರುಳು ಬೇಗ ಸ್ತಬ್ಧವಾಗುತ್ತದೆ. ಅದು ತುರ್ತು ಸ್ಥಿತಿ.

ಮೊಲ ಸಾಕದವರಿಗೂ ಒಂದು ವಿನಂತಿ. ಹುಟ್ಟುಹಬ್ಬಕ್ಕೆ ಮೊಲದ ಮರಿ ಕೊಡಬೇಕೆಂದಿರುವ ಗೆಳೆಯರಿಗೆ ಇದನ್ನು ತಿಳಿಸಿ. ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 12 ವರ್ಷ ಬದುಕುತ್ತದೆ. ಅಷ್ಟು ಕಾಲದ ಹೊಣೆಗೆ ಮನೆಯವರೆಲ್ಲ ಒಪ್ಪಿದ ಮೇಲೆ ತರಲಿ. ಈಗಾಗಲೇ ತಂದವರು ಇಂದೇ ಎರಡು ಕೆಲಸ ಮಾಡಿ: ಮೊಲ ನೋಡುವ ಪಶುವೈದ್ಯರ ನಂಬರನ್ನು ಗೂಡಿನ ಬಳಿ ಬರೆದಿಡಿ, ಮುಂದಿನ ವಾರಕ್ಕೆ ಬೇಕಾಗುವಷ್ಟು ಹುಲ್ಲು ತಂದಿಡಿ.